ಹಕ್ಕಿಜ್ವರ ಬಂದಾಗ 1 ಕಿ.ಮೀ. ಒಳಗಿನ ಆರೋಗ್ಯವಾಗಿರುವ ಕೋಳಿಗಳನ್ನೂ ಕೊಲ್ಲುವುದು ಸರಿಯೇ?

ಹಿತ್ತಲಕೋಳಿ (ಪ್ರಶ್ನೆ)

ಕೋಳಿ ಸಾಕುವವರೂ ಪಶುವೈದ್ಯರೂ ಇಲ್ಲಿದ್ದೀರಿ, ಅದಕ್ಕೇ ನೇರವಾಗಿ ಕೇಳುತ್ತೇನೆ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಫಾರಂ, 2020ರಲ್ಲಿ ಮೈಸೂರಿನ ಕುಂಬಾರಕೊಪ್ಪಲು, 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿ ಮತ್ತು ಸಂಡೂರು ತಾಲ್ಲೂಕಿನ ಕುರೆಕುಪ್ಪ. ಪ್ರತಿ ಸಲವೂ ನಡೆದದ್ದು ಒಂದೇ. ಭೋಪಾಲದ ಪ್ರಯೋಗಾಲಯದಿಂದ ವರದಿ ಬಂತು, ಪಿಪಿಇ ಕಿಟ್ ಹಾಕಿಕೊಂಡ ತಂಡ ಬಂತು, ಕಣ್ಣಿಗೆ ಬಿದ್ದ ಕೋಳಿಗಳೆಲ್ಲ ಗುಂಡಿಗೆ ಹೋದವು.

ರೋಗ ಬಂದ ಫಾರಂನ ಕೋಳಿಗಳನ್ನು ಕೊಲ್ಲುವುದು ಅರ್ಥವಾಗುತ್ತದೆ. ಎಂಟು ನೂರು ಮೀಟರ್ ಆಚೆ ಹಿತ್ತಲಲ್ಲಿ ಕೆರೆದು ತಿನ್ನುವ ಐದಾರು ನಾಟಿ ಕೋಳಿ ಏನು ಮಾಡಿದ್ದವು? ಅವುಗಳಲ್ಲಿ ಒಂದೂ ಸತ್ತಿಲ್ಲ, ಒಂದಕ್ಕೂ ಪರೀಕ್ಷೆಯಾಗಿಲ್ಲ. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆಯ ಹನಿ ಹಾಕುತ್ತೇವೆ. ಕಾಲುಬಾಯಿ ಜ್ವರಕ್ಕೆ ವರ್ಷಕ್ಕೆ ಎರಡು ಸಲ ಚುಚ್ಚಿಸುತ್ತೇವೆ. ಚರ್ಮಗಂಟು ರೋಗ ಬಂದಾಗ ಒಂದು ದನವನ್ನೂ ಕೊಲ್ಲಲಿಲ್ಲ. ಕೋಳಿಗೆ ಮಾತ್ರ ಈ ನಿಯಮ ಏಕೆ? ಜೀವ ಅಗ್ಗ ಎಂಬ ಕಾರಣಕ್ಕೋ, ವಿಜ್ಞಾನದಲ್ಲಿ ಬೇರೆ ಕಾರಣ ಇದೆಯೋ? ಕೊಲ್ಲುವ ವಿಧಾನ, ಹೂಳುವ ವಿಧಾನದ ಬಗ್ಗೆಯೂ ಬಲ್ಲವರು ಬರೆಯಿರಿ. ಪಂಚಾಯಿತಿಯಲ್ಲಿ ಈ ವಿಷಯ ಚರ್ಚೆಗೆ ಬರುವುದಿದೆ, ಅಂದಾಜಿನ ಮಾತು ಬೇಡ.

---

ಪಶುವೈದ್ಯ_ಬಯಲುಸೀಮೆ

ಜೀವ ಅಗ್ಗ ಎಂಬ ಕಾರಣ ಒಂದಿಷ್ಟು ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮುಖ್ಯ ಕಾರಣ ವೈರಸ್‌ನ ಸ್ವಭಾವ.

ಹಕ್ಕಿಜ್ವರದ ವೈರಸ್‌ಗಳಲ್ಲಿ ತೀವ್ರ ಸ್ವರೂಪದ ಎಚ್5ಎನ್1 ಕೋಳಿ ಶೆಡ್‌ಗೆ ಹೊಕ್ಕರೆ ಬಹುಪಾಲು ಸಂದರ್ಭಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕೋಳಿ ಕೆಲವೇ ದಿನಗಳಲ್ಲಿ ಸಾಯುತ್ತವೆ. ಚಿಕಿತ್ಸೆ ಇಲ್ಲ. ಸಾಯುವ ಮುನ್ನ ಪ್ರತಿ ಕೋಳಿಯೂ ಹಿಕ್ಕೆಯಲ್ಲಿ, ಮೂಗುಬಾಯಿಯ ಲೋಳೆಯಲ್ಲಿ ಅಪಾರ ವೈರಸ್ ಹೊರಹಾಕುತ್ತದೆ, ಅದೂ ರೋಗದ ಲಕ್ಷಣ ಕಾಣುವ ಮೊದಲೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಿಕ್ಕೆಯಲ್ಲಿ ಈ ವೈರಸ್ 4 ಡಿಗ್ರಿ ತಂಪಿನಲ್ಲಿ 35 ದಿನ, 37 ಡಿಗ್ರಿಯಲ್ಲಿ ಸುಮಾರು 6 ದಿನ ಬದುಕಿರಬಲ್ಲದು. ಆದ್ದರಿಂದ ಸೋಂಕು ತಗಲಿದ ಶೆಡ್‌ನಲ್ಲಿ ಕೊಲ್ಲುವುದು ಕೋಳಿಯ ಜೀವ ಕಳೆಯುವ ತೀರ್ಮಾನವಲ್ಲ. ಆ ಜೀವ ಹೇಗೂ ಉಳಿಯದು. ವೈರಸ್ ಉತ್ಪಾದನೆಯನ್ನು ಇವತ್ತೇ ನಿಲ್ಲಿಸುತ್ತೇವೋ ಇನ್ನೊಂದು ವಾರ ನಡೆಯಲು ಬಿಡುತ್ತೇವೋ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಜನರ ಕಡೆಯಿಂದಲೂ ನೋಡಿ. 2003ರಿಂದ ಜಗತ್ತಿನಲ್ಲಿ ವರದಿಯಾದ 900ಕ್ಕೂ ಹೆಚ್ಚು ಮಾನವ ಸೋಂಕುಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಂದಿ ಸತ್ತಿದ್ದಾರೆ. ಭಾರತದ ಮೊದಲ ಸಾವು 2021ರಲ್ಲಿ, ಹರಿಯಾಣದ ಹನ್ನೊಂದು ವರ್ಷದ ಹುಡುಗನದು.

ಇನ್ನು ವರ್ತುಲದ ವಿಷಯ. 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಂಡಾಗ 3 ಕಿ.ಮೀ. ಒಳಗೆ ಕೊಲ್ಲುವ ಲೆಕ್ಕವಿತ್ತು. ಸರ್ಕಾರದ ಈಗಿನ ಕ್ರಿಯಾಯೋಜನೆಯಲ್ಲಿ 1 ಕಿ.ಮೀ. ಸೋಂಕು ವಲಯ, ಅಲ್ಲಿಂದ 10 ಕಿ.ಮೀ.ವರೆಗೆ ನಿಗಾ ವಲಯ. ನಿಗಾ ವಲಯದಲ್ಲಿ ಕೊಲ್ಲುವುದಿಲ್ಲ, ಮಾದರಿ ತೆಗೆದು ಸಾಗಣೆಗೆ ತಡೆ ಹಾಕುತ್ತಾರೆ. 3ನ್ನು 1ಕ್ಕೆ ಇಳಿಸಿದ್ದರ ಅರ್ಥ ದೊಡ್ಡದು. 3 ಕಿ.ಮೀ. ವೃತ್ತದ ವಿಸ್ತೀರ್ಣ ಸುಮಾರು 28 ಚದರ ಕಿ.ಮೀ., 1 ಕಿ.ಮೀ. ವೃತ್ತದ್ದು 3 ಚದರ ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಒಂಬತ್ತು ಪಟ್ಟು ವ್ಯತ್ಯಾಸ.

ಆ 1 ಕಿ.ಮೀ. ಏಕೆ ಅಂದರೆ, ನಮ್ಮ ಹಳ್ಳಿಗಳಲ್ಲಿ ಹಿತ್ತಲ ಕೋಳಿಗೆ ಬೇಲಿ ಇಲ್ಲ. ಅದು ಪಕ್ಕದ ತಿಪ್ಪೆಗೆ ಹೋಗುತ್ತದೆ, ಕೆರೆಯ ಅಂಚಿಗೆ ಹೋಗುತ್ತದೆ, ಕಾಗೆ ಎಳೆದಾಡಿದ ಸತ್ತ ಕೋಳಿಯನ್ನು ಕುಕ್ಕುತ್ತದೆ. ಬಾತುಕೋಳಿ ಇದ್ದರೆ ಇನ್ನೂ ಕಷ್ಟ, ಲಕ್ಷಣವೇ ತೋರದೆ ವೈರಸ್ ಹೊತ್ತಿರಬಹುದು. ಇವತ್ತು ಸತ್ತಿಲ್ಲ ಎಂಬುದು ಸೋಂಕಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗದು.

ದನದ ವಿಷಯ ಬೇರೆ. ಚರ್ಮಗಂಟು ರೋಗ ಹರಡುವುದು ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಯಿಂದ. ದನ ಕೊಂದರೂ ನೊಣ ಉಳಿಯುತ್ತದೆ. ಮೇಕೆ ಸಿಡುಬಿನ ಲಸಿಕೆ ಅದಕ್ಕೂ ರಕ್ಷಣೆ ಕೊಡುತ್ತದೆ, 2022ರಲ್ಲಿ ಅದನ್ನೇ ಹಾಕಲಾಯಿತು. ಕಾಲುಬಾಯಿ ಜ್ವರದಲ್ಲಿ ದೊಡ್ಡ ದನ ಬಹುತೇಕ ಬದುಕುತ್ತದೆ, ಲಸಿಕೆ ಇದೆ. ಹಾಗೆಂದು ಸದರ ಮಾಡಬಾರದು, 2013ರಲ್ಲಿ ಕರ್ನಾಟಕದಲ್ಲೇ ಸಾವಿರಾರು ದನ ಸತ್ತವು.

---

ಲೇಯರ್_ಲೆಕ್ಕ

ಡಾಕ್ಟರ್ ಸರ್ ಹೇಳಿದ್ದು ಸರಿ. ಆದರೆ "ಕೊಲ್ಲುವುದು" ಎಂಬ ಒಂದು ಕೆಲಸದೊಳಗೆ ಎಷ್ಟು ಕೆಲಸ ಅಡಗಿದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಳಾಗುವುದು ಅಲ್ಲೇ.

10,000 ಲೇಯರ್ (ಮೊಟ್ಟೆ ಕೋಳಿ) ಇರುವ ಒಂದು ಶೆಡ್ ತೆಗೆದುಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಕೈಯಿಂದ ಕತ್ತು ಮುರಿಯುವ ಕ್ರಮ. ಸರಿಯಾಗಿ ಮಾಡಿದರೆ ತಲೆಬುರುಡೆಗೂ ಮೊದಲ ಮೂಳೆಗೂ ನಡುವೆ ಸಂದು ಬಿಟ್ಟು ಬೆನ್ನುಹುರಿ ತುಂಡಾಗುತ್ತದೆ. ಬೆರಳಿಟ್ಟರೆ ಆ ಸಂದು ತಿಳಿಯುತ್ತದೆ. ದಣಿದ ಕೈ ಮಾಡಿದರೆ ಕತ್ತಿನ ನಡುವೆ ತಿರುಚುತ್ತದೆ, ಕೋಳಿ ಪ್ರಜ್ಞೆ ಇದ್ದಂತೆಯೇ ಉಸಿರುಗಟ್ಟಿ ಸಾಯುತ್ತದೆ. ಯುರೋಪ್ ಒಕ್ಕೂಟದ 1099/2009 ನಿಯಮ ಕೈಯಿಂದ ಕತ್ತು ಮುರಿಯುವುದಕ್ಕೆ ಒಬ್ಬರಿಗೆ ದಿನಕ್ಕೆ 70 ಕೋಳಿ, ತೂಕ 3 ಕೆ.ಜಿ. ಒಳಗೆ ಎಂಬ ಮಿತಿ ಇಟ್ಟಿರುವುದು ಇದಕ್ಕೇ. ಆ ಲೆಕ್ಕದಲ್ಲಿ 10,000 ಕೋಳಿಗೆ 143 ಆಳು-ದಿನ ಬೇಕು. ನಮ್ಮಲ್ಲಿ ಬರುವ ತಂಡ ಎಷ್ಟು ಜನರದು, ಎಷ್ಟು ಹೊತ್ತಿನಲ್ಲಿ ಮುಗಿಸುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಪಿಪಿಇ ಒಳಗೆ ಅರ್ಧ ಗಂಟೆಗೇ ಮೈಯೆಲ್ಲ ನೀರಾಗುತ್ತದೆ.

ಪಂಜರದಿಂದ ಎಳೆಯುವಾಗಲೂ ನೋವಿದೆ. ಮೊಟ್ಟೆ ಇಟ್ಟು ಇಟ್ಟು ಸುಣ್ಣ ಕಳೆದುಕೊಂಡ ಹಳೆಯ ಲೇಯರ್‌ನ ಮೂಳೆ ಬಲು ಪೆಳಸು. ಒಂದೇ ಕಾಲು ಹಿಡಿದು ಎಳೆದರೆ ಮುರಿಯುತ್ತದೆ. ಎರಡೂ ಕಾಲು ಸೇರಿಸಿ ಹಿಡಿದು, ಎದೆಗೆ ಇನ್ನೊಂದು ಕೈ ಕೊಟ್ಟು ಹೊರತೆಗೆಯಬೇಕು.

ಕಾರ್ಬನ್ ಡೈಆಕ್ಸೈಡ್ ಪೆಟ್ಟಿಗೆ ಇದಕ್ಕಿಂತ ಒಳ್ಳೆಯದು. ಮೊದಲ ಹಂತದಲ್ಲಿ ಅನಿಲ 40% ಮೀರದಂತೆ ಬಿಟ್ಟು, ಪ್ರಜ್ಞೆ ತಪ್ಪಿದ ಮೇಲೆ ಏರಿಸಬೇಕು. ಆಗುವ ತಪ್ಪು ಏನೆಂದರೆ ಅವಸರದಲ್ಲಿ ಕೋಳಿಗಳನ್ನು ರಾಶಿ ಸುರಿಯುತ್ತಾರೆ, ಅನಿಲ ತಲುಪುವ ಮೊದಲೇ ಕೆಳಗಿನವು ಮೇಲಿನವುಗಳ ಭಾರಕ್ಕೆ ಸಾಯುತ್ತವೆ. ಒಂದು ಪದರ ಹಾಕಿ, ಚಲನೆ ನಿಂತ ಮೇಲೆ ಮುಂದಿನ ಪದರ. ಕೋಳಿಗಳನ್ನು ನೊರೆಯಲ್ಲಿ ಮುಳುಗಿಸಿ ಉಸಿರುಗಟ್ಟಿಸುವ ವಿಧಾನ ನೆಲದ ಮೇಲೆ ಸಾಕುವ ಬ್ರಾಯ್ಲರ್‌ಗೆ ಸರಿ, ಮೂರು ಅಂತಸ್ತಿನ ಪಂಜರಕ್ಕೆ ಅಲ್ಲ. ಅಮೆರಿಕದಲ್ಲಿ ಮುಚ್ಚಿದ ಶೆಡ್‌ಗಳ ಫ್ಯಾನ್ ನಿಲ್ಲಿಸಿ, ಹೀಟರ್ ಹಾಕಿ ಶಾಖದಿಂದ ಕೊಲ್ಲುವ ವಿಧಾನ ಬಳಸಿದ್ದಾರೆ. ಗಂಟೆಗಟ್ಟಲೆ ನರಳಿಸುವ ಆ ವಿಧಾನವನ್ನು ಯಾವ ಲಾಭಕ್ಕೂ ಒಪ್ಪಲಾಗದು. ನಮ್ಮ ಜಾಲರಿ ಗೋಡೆಯ ಶೆಡ್‌ನಲ್ಲಿ ಅದು ಸಾಧ್ಯವೂ ಇಲ್ಲ.

ಗುಂಡಿಯ ಲೆಕ್ಕ: ಸರ್ಕಾರದ ಕ್ರಿಯಾಯೋಜನೆಯಂತೆ 2 ಮೀ. × 2 ಮೀ. × 2 ಮೀ. ಗುಂಡಿಗೆ ಸುಮಾರು 1,800 ಕೋಳಿ. 10,000ಕ್ಕೆ ಸುಮಾರು 44 ಘನ ಮೀಟರ್, ಅಂದರೆ 2 ಮೀ. ಅಗಲ, 2 ಮೀ. ಆಳದ 11 ಮೀ. ಉದ್ದದ ಕಾಲುವೆ. ಮುಚ್ಚುವ ಮಣ್ಣಿಗೆ ಇನ್ನಷ್ಟು ಆಳ ಕೊಡಿ. ಕೋಳಿ ಹಾಕಿದ ಮೇಲೆ 40 ಸೆಂ.ಮೀ. ಮಣ್ಣು, ಅದರ ಮೇಲೆ ಅರಳಿದ ಸುಣ್ಣ, ಮತ್ತೆ ಮಣ್ಣು. ಮೊಟ್ಟೆ, ಕಾಗದದ ಟ್ರೇ, ತೆರೆದ ಮೇವಿನ ಚೀಲ ಎಲ್ಲವೂ ಇದೇ ಗುಂಡಿಗೆ, ಅವಕ್ಕೂ ಜಾಗ ಲೆಕ್ಕ ಹಿಡಿಯಿರಿ. ಜೆಸಿಬಿ ಮೊದಲೇ ಬಂದು ಗುಂಡಿ ತೋಡಿ ನಿಂತಿರಬೇಕು. ಮೊದಲು ಕೊಂದು ಆಮೇಲೆ ಗುಂಡಿ ಹುಡುಕಿದರೆ ಹೆಣಗಳು ಶೆಡ್ ಮುಂದೆ ರಾಶಿ ಬೀಳುತ್ತವೆ. ನಾಯಿ, ಕಾಗೆ, ಹದ್ದು ಆಗಲೇ ಕೆಲಸ ಶುರು ಮಾಡುತ್ತವೆ.

ಬಳ್ಳಾರಿ, ಕೊಪ್ಪಳ ಕಡೆಯ ಎರೆಭೂಮಿಯಲ್ಲಿ ಬೇಸಿಗೆಗೆ ನೆಲ ಬಿರಿಯುತ್ತದೆ. ಮುಚ್ಚಿದ ಗುಂಡಿಯ ಮೇಲೂ ಬಿರುಕು ಬಿಟ್ಟು ನೊಣ ಇಳಿಯುತ್ತದೆ. ಅಲ್ಲಿ ಮೇಲೆ ಮೊರಂ ಹೊದಿಸಿ, ವಾರಕ್ಕೊಮ್ಮೆ ನೋಡಿ ಬಿರುಕು ತುಂಬಬೇಕು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಒಂದು ಮೀಟರ್‌ಗೇ ಬಂಡೆ ಸಿಕ್ಕರೆ ಆಳವಿಲ್ಲದ ಗುಂಡಿಗೆ ಒಪ್ಪಬೇಡಿ, ಜಾಗ ಬದಲಿಸಿ.

---

ಕಡಲಾಚೆ_ಕನ್ನಡಿಗ

ಐರ್ಲೆಂಡಿನಲ್ಲಿ ಪಶುರೋಗ ನಿಯಂತ್ರಣದ ಕೆಲಸದಲ್ಲಿರುವವನ ಮಾತು. ಆಳವಿಲ್ಲದ ಗುಂಡಿಯ ಬಗ್ಗೆ ಮೇಲೆ ಹೇಳಿದ್ದಕ್ಕೆ ದೊಡ್ಡ ಉದಾಹರಣೆ ಡೆನ್ಮಾರ್ಕಿನದು. 2020ರ ನವೆಂಬರ್‌ನಲ್ಲಿ, ತುಪ್ಪಳಕ್ಕಾಗಿ ಸಾಕುವ ಮಿಂಕ್‌ಗಳಲ್ಲಿ ಕೊರೊನಾ ವೈರಸ್ ರೂಪಾಂತರ ಕಂಡು ದೇಶದ ಎಲ್ಲ ಮಿಂಕ್‌ಗಳನ್ನೂ, ಸುಮಾರು ಒಂದೂವರೆ ಕೋಟಿಗೂ ಹೆಚ್ಚು, ಕೊಲ್ಲಲು ಆದೇಶ ಹೊರಟಿತು. ಆರೋಗ್ಯವಾಗಿದ್ದ ಫಾರಂಗಳನ್ನೂ ಮುಚ್ಚಿಸಲು ಕಾನೂನಿನಲ್ಲಿ ಅಧಿಕಾರವೇ ಇರಲಿಲ್ಲ ಎಂದು ಆಮೇಲೆ ಗೊತ್ತಾಗಿ ಕೃಷಿ ಸಚಿವರು ರಾಜೀನಾಮೆ ಕೊಟ್ಟರು. ಮರಳು ನೆಲದಲ್ಲಿ ಮೇಲುಮೇಲಕ್ಕೆ ಹೂಳಿದ ಹೆಣಗಳು ಕೊಳೆತ ಅನಿಲಕ್ಕೆ ಉಬ್ಬಿ ನೆಲದ ಮೇಲೆ ಬಂದವು. ಅಂತರ್ಜಲದ ಭಯಕ್ಕೆ 2021ರಲ್ಲಿ ಸುಮಾರು 40 ಲಕ್ಷ ಹೆಣಗಳನ್ನು ಮತ್ತೆ ತೆಗೆದು ಸುಡಬೇಕಾಯಿತು.

ಆದರೆ ವರ್ತುಲದೊಳಗಿನ ಆರೋಗ್ಯವಂತ ಪ್ರಾಣಿಗಳ ಪ್ರಶ್ನೆಗೆ ಎಲ್ಲರೂ ಓದಬೇಕಾದ ಪಾಠ ಬ್ರಿಟನ್ನಿನ 2001ರ ಕಾಲುಬಾಯಿ ಜ್ವರ. ರೋಗ ಖಚಿತವಾದದ್ದು ಫೆಬ್ರುವರಿ 20ರಂದು, ಎಸ್ಸೆಕ್ಸ್‌ನ ಕಸಾಯಿಖಾನೆಯ ಹಂದಿಗಳಲ್ಲಿ. ಮೂಲ ದೂರದ ನಾರ್ಥಂಬರ್‌ಲ್ಯಾಂಡಿನ ಒಂದು ಹಂದಿ ಫಾರಂ, ಸರಿಯಾಗಿ ಬೇಯಿಸದ ಮುಸುರೆ ತಿನ್ನಿಸುತ್ತಿದ್ದದ್ದು. ಅಷ್ಟರಲ್ಲಿ ಸೋಂಕು ಕುರಿಗಳಿಗೆ ದಾಟಿ, ಹೆಕ್ಸಮ್, ಲಾಂಗ್‌ಟೌನ್ ಸಂತೆಗಳ ಮೂಲಕ ದೇಶದ ಉದ್ದಗಲಕ್ಕೆ ಹೋಗಿಬಿಟ್ಟಿತ್ತು. ಕುರಿಯಲ್ಲಿ ಈ ರೋಗದ ಲಕ್ಷಣ ತೀರ ಮಂದ, ಕುಂಟುವುದನ್ನು ಯಾರೂ ಗಮನಿಸಲಿಲ್ಲ. ಸಾಗಣೆ ನಿಷೇಧ ಬಂದದ್ದು 23ರಂದು.

ಆಮೇಲೆ ಗಣಿತ ಮಾದರಿಗಳ ಆಧಾರದ ಮೇಲೆ ಕಟ್ಟುನಿಟ್ಟಿನ ನಿಯಮ ಬಂತು. ಸೋಂಕಿತ ಫಾರಂನ ಪ್ರಾಣಿಗಳನ್ನು 24 ಗಂಟೆಯೊಳಗೆ, ಗಡಿಗೆ ತಾಗಿದ ಎಲ್ಲ ಫಾರಂಗಳ ಪ್ರಾಣಿಗಳನ್ನು 48 ಗಂಟೆಯೊಳಗೆ ಕೊಲ್ಲಬೇಕು. ಸೆಪ್ಟೆಂಬರ್ ಕೊನೆಗೆ ಕಡೆಯ ಪ್ರಕರಣ ಕಂಡಾಗ ಸೋಂಕಿತ ಫಾರಂಗಳು 2,026, ಕೊಂದ ಪ್ರಾಣಿಗಳು 60 ಲಕ್ಷಕ್ಕೂ ಹೆಚ್ಚು. ಗಡಿ ಫಾರಂಗಳಲ್ಲಿ ಕೊಂದ ಪ್ರಾಣಿಗಳ ಬಹುಪಾಲಿಗೆ ಸೋಂಕೇ ಇರಲಿಲ್ಲ. ಆ ಮಾದರಿಗಳು ಬೆಟ್ಟ, ನದಿ, ಗಾಳಿಯ ದಿಕ್ಕು, ಯಾವ ಪ್ರಾಣಿ ಎಷ್ಟು ವೈರಸ್ ಬಿಡುತ್ತದೆ ಎಂಬುದನ್ನೆಲ್ಲ ಬಲು ಸರಳ ಮಾಡಿದ್ದವು ಎಂದು ಪಶುವೈದ್ಯರೇ ಆಮೇಲೆ ಗಟ್ಟಿಯಾಗಿ ಬರೆದರು. ಸರ್ಕಾರದ ವಿಚಾರಣೆಯೂ ಮುಂದೆ ತುರ್ತು ಲಸಿಕೆಯನ್ನು ಆಯ್ಕೆಯಾಗಿ ಸಿದ್ಧವಿಟ್ಟುಕೊಳ್ಳಿ ಎಂದಿತು.

2007ರಲ್ಲಿ ಅದೇ ರೋಗ ಪಿರ್‌ಬ್ರೈಟ್ ಪ್ರಯೋಗಾಲಯ ಆವರಣದ ಸೋರುವ ಒಳಚರಂಡಿಯಿಂದ ಹೊರಬಿತ್ತು. ಈ ಸಲ ಸಾಗಣೆಯನ್ನು ತಕ್ಷಣ ನಿಲ್ಲಿಸಿದರು, ಸಂಪರ್ಕಗಳನ್ನು ಒಂದೊಂದಾಗಿ ಹುಡುಕಿದರು. ಎಂಟು ಫಾರಂಗಳಿಗೇ ಮುಗಿಯಿತು. ಕೊಂದದ್ದು ಸಾವಿರಗಳ ಲೆಕ್ಕದಲ್ಲಿ, ಲಕ್ಷಗಳಲ್ಲಲ್ಲ. 2001ರಲ್ಲಿ ಕೈತಪ್ಪಿದ್ದು ಆ ಮೊದಲ ಮೂರು ವಾರ. ಅದರ ಬೆಲೆಯನ್ನು ಆಮೇಲೆ ಅಕ್ಕಪಕ್ಕದ ಹಟ್ಟಿಗಳ ಪ್ರಾಣಿಗಳು ತೆತ್ತವು. ನನ್ನ ಅಭಿಪ್ರಾಯ ಸ್ಪಷ್ಟ: ಸೋಂಕಿತ ಫಾರಂನಲ್ಲಿ ಕೊಲ್ಲುವುದು ಸರಿ, ನಕ್ಷೆಯ ಮೇಲೆ ವೃತ್ತ ಎಳೆದು ಕೊಲ್ಲುವುದಕ್ಕೆ ಪ್ರತಿ ಸಲವೂ ಬೇರೆ ಸಮರ್ಥನೆ ಬೇಕು.

---

ಹಿತ್ತಲಕೋಳಿ

ಮೂವರಿಗೂ ಧನ್ಯವಾದ. ಬ್ರಿಟನ್ನಿನ ಲೆಕ್ಕ ಓದಿ ಹೊಟ್ಟೆ ಕಿವುಚಿತು. ಇನ್ನೊಂದು ಪ್ರಶ್ನೆ. ಹಕ್ಕಿಜ್ವರಕ್ಕೆ ಚೀನಾದಲ್ಲಿ, ಫ್ರಾನ್ಸ್‌ನಲ್ಲಿ ಲಸಿಕೆ ಹಾಕುತ್ತಾರಂತೆ. ನಮ್ಮಲ್ಲಿ ಏಕಿಲ್ಲ? ಲಸಿಕೆ ಹಾಕಿದರೆ ಈ ಕೊಲ್ಲುವ ಪ್ರಶ್ನೆಯೇ ಏಳುವುದಿಲ್ಲವಲ್ಲ?

---

ಲಸಿಕೆ_ಮತ್ತು_ಮಾದರಿ

ಪ್ರಶ್ನೆ ಪೂರ್ತಿ ಹೋಗುವುದಿಲ್ಲ, ಆದರೆ ಬಹಳ ಸಣ್ಣದಾಗುತ್ತದೆ.

ಫ್ರಾನ್ಸ್ ನೋಡಿ. 2021–22ರಲ್ಲಿ ಅಲ್ಲಿ 2 ಕೋಟಿಗೂ ಹೆಚ್ಚು ಹಕ್ಕಿಗಳನ್ನು ಕೊಲ್ಲಬೇಕಾಯಿತು. 2023ರ ಅಕ್ಟೋಬರ್‌ನಿಂದ ಬಾತುಕೋಳಿಗಳಿಗೆ ಕಡ್ಡಾಯ ಲಸಿಕೆ ಶುರುವಾಯಿತು. 2023–24ರ ಹಂಗಾಮಿನಲ್ಲಿ ಫಾರಂ ಪ್ರಕರಣಗಳು ಹತ್ತರ ಆಸುಪಾಸಿಗೆ ಇಳಿದವು. ಆ ವರ್ಷ ಯುರೋಪಿನಲ್ಲೆಲ್ಲ ವೈರಸ್ ಕಾಟ ಕಡಿಮೆಯಿತ್ತು, ಎಲ್ಲ ಕೀರ್ತಿ ಲಸಿಕೆಗೇ ಸಲ್ಲದು. ಆದರೂ ದೊಡ್ಡ ಇಳಿಕೆ. ಬೆಲೆಯೂ ತೆರಬೇಕಾಯಿತು: ಅಮೆರಿಕ ಕೂಡಲೇ ಫ್ರಾನ್ಸ್‌ನ ಕೋಳಿ ಉತ್ಪನ್ನಗಳಿಗೆ ತಡೆ ಹಾಕಿತು.

ಕಾರಣ ಇದು. ಲಸಿಕೆ ಸಾವನ್ನು ತಡೆಯುತ್ತದೆ, ವೈರಸ್ ಹೊರಬೀಳುವುದನ್ನು ಬಹಳ ತಗ್ಗಿಸುತ್ತದೆ, ಆದರೆ ಪೂರ್ತಿ ನಿಲ್ಲಿಸುವುದಿಲ್ಲ. ಲಸಿಕೆ ಹಾಕದ ಶೆಡ್‌ನಲ್ಲಿ ವೈರಸ್ ಬಂದರೆ ಬೆಳಗಾಗುವುದರಲ್ಲಿ ಸಾವು ಕೂಗಿ ಹೇಳುತ್ತದೆ. ಲಸಿಕೆ ಹಾಕಿದ ಶೆಡ್‌ನಲ್ಲಿ ಅದು ಸದ್ದಿಲ್ಲದೆ ಸುತ್ತಬಹುದು, ಸುತ್ತುತ್ತಾ ರೂಪ ಬದಲಿಸಬಹುದು. ಆದ್ದರಿಂದ ಲಸಿಕೆಯ ಜೊತೆಗೆ ನಿಗಾ ಬೇಕೇ ಬೇಕು. ಗುಂಪಿನಲ್ಲಿ ಕೆಲವು ಕೋಳಿಗಳಿಗೆ ಲಸಿಕೆ ಹಾಕದೆ ಗುರುತು ಕಟ್ಟಿ ಬಿಡುವುದು, ಪ್ರತಿ ವಾರ ಸತ್ತವುಗಳ ಮಾದರಿ ತೆಗೆಯುವುದು, ಲಸಿಕೆಯಿಂದ ಬಂದ ಪ್ರತಿಕಾಯವನ್ನೂ ಸೋಂಕಿನಿಂದ ಬಂದ ಪ್ರತಿಕಾಯವನ್ನೂ ಬೇರ್ಪಡಿಸುವ ರಕ್ತ ಪರೀಕ್ಷೆ ಮಾಡುವುದು. ಈ ಮೂರಕ್ಕೆ ದುಡ್ಡು, ಲ್ಯಾಬ್, ಜನ ಇಲ್ಲದೆ ಬರೀ ಲಸಿಕೆ ತಂದರೆ ಅಪಾಯ ಹೆಚ್ಚುತ್ತದೆ.

ಹಾಕುವ ಕಷ್ಟವನ್ನೂ ಲೆಕ್ಕ ಹಿಡಿಯಿರಿ. ಕೊಕ್ಕರೆ ರೋಗದ ಲಸೋಟಾ ಲಸಿಕೆಯನ್ನು ಕಣ್ಣಿಗೆ ಹನಿ ಹಾಕಬಹುದು, ಕುಡಿಯುವ ನೀರಲ್ಲಿ ಕೊಡಬಹುದು. ಹಕ್ಕಿಜ್ವರದ ನಿಷ್ಕ್ರಿಯ ಲಸಿಕೆ ಎಣ್ಣೆಯಲ್ಲಿ ಕಲಸಿದ ಚುಚ್ಚುಮದ್ದು. ಪ್ರತಿ ಕೋಳಿಯನ್ನೂ ಹಿಡಿದು ಕತ್ತಿನ ಚರ್ಮದಡಿ ಚುಚ್ಚಬೇಕು, ಲೇಯರ್‌ಗೆ ಒಂದಕ್ಕಿಂತ ಹೆಚ್ಚು ಸಲ. ಹ್ಯಾಚರಿಯಲ್ಲೇ ಒಂದು ದಿನದ ಮರಿಗೆ ಕೊಡುವ ಇನ್ನೊಂದು ಬಗೆಯ ಲಸಿಕೆ ಇದೆ, ದೊಡ್ಡ ಫಾರಂಗಳಿಗೆ ಅದೇ ಅನುಕೂಲ. ಆರು ವಾರದೊಳಗೆ ಮಾರಾಟವಾಗುವ ಬ್ರಾಯ್ಲರ್‌ಗೆ ಈ ಎಣ್ಣೆ ಲಸಿಕೆ ಹೆಚ್ಚೇನೂ ಉಪಯೋಗಕ್ಕೆ ಬರದು, ರಕ್ಷಣೆ ಬೆಳೆಯಲೇ ಎರಡು ಮೂರು ವಾರ ಬೇಕು.

ನಮ್ಮಲ್ಲಿ ಕಡಿಮೆ ತೀವ್ರತೆಯ ಎಚ್9ಎನ್2ಗೆ ಭೋಪಾಲದ ಸಂಸ್ಥೆಯೇ ಲಸಿಕೆ ಮಾಡಿ ಕಂಪನಿಗಳಿಗೆ ತಂತ್ರಜ್ಞಾನ ಕೊಟ್ಟಿದೆ. ಎಚ್5ಎನ್1ಕ್ಕೆ ನೀತಿ ಮಾತ್ರ ಪತ್ತೆ ಮಾಡಿ ಕೊಲ್ಲುವುದೇ. ನನಗೆ ಸರಿ ಕಾಣುವುದು ಇಷ್ಟು: ವರ್ಷಕ್ಕಿಂತ ಹೆಚ್ಚು ಬದುಕುವ ಲೇಯರ್, ಬ್ರೀಡರ್ (ಮರಿ ಮಾಡಿಸಲು ಸಾಕುವ ಕೋಳಿ) ಹಿಂಡುಗಳಿಗೆ ನಿಗಾ ಸಮೇತ ಲಸಿಕೆ ಕೊಡಲು ಶುರು ಮಾಡಬೇಕು. ಹೊಸಪೇಟೆ, ದಾವಣಗೆರೆ, ಮೈಸೂರಿನ ಮೊಟ್ಟೆ ಹೆಚ್ಚಾಗಿ ದೇಶದೊಳಗೇ ತಿನ್ನುವಂಥದು. ಗಲ್ಫ್‌ಗೆ ಮೊಟ್ಟೆ ಕಳಿಸುವ ತಮಿಳುನಾಡಿನ ನಾಮಕ್ಕಲ್‌ನ ರಫ್ತಿನ ಭಯವನ್ನು ಇಡೀ ದೇಶಕ್ಕೆ ಹೊದಿಸಬೇಕಿಲ್ಲ.

---

ಪಶುವೈದ್ಯ_ಬಯಲುಸೀಮೆ

ಲಸಿಕೆ ಸರ್ ಮಾತನ್ನು ಲೇಯರ್, ಬ್ರೀಡರ್ ಮಟ್ಟಿಗೆ ಒಪ್ಪುತ್ತೇನೆ. ಆದರೆ ಕಡಲಾಚೆಯವರೇ, ನಿಮ್ಮ 2001ರ ಪಾಠವನ್ನು ಹಾಗೇ ತಂದು ನಮ್ಮ ಹಿತ್ತಲಿಗೆ ಇಡಬೇಡಿ. ಬ್ರಿಟನ್ನಿನಲ್ಲಿ ಪ್ರತಿ ಫಾರಂಗೂ ಬೇಲಿ, ಪ್ರತಿ ದನಕ್ಕೂ ಕಿವಿಗೆ ಓಲೆ, ಪ್ರತಿ ಸಾಗಣೆಗೂ ದಾಖಲೆ. ನಮ್ಮ ನಾಟಿ ಕೋಳಿ ಯಾರದು, ನಿನ್ನೆ ಎಲ್ಲಿತ್ತು ಎಂಬುದಕ್ಕೆ ದಾಖಲೆ ಏನಿದೆ? ಸಂಪರ್ಕ ಹುಡುಕಲು ಆಗದಿದ್ದಾಗ ದೂರವೇ ಕೈಗೆ ಸಿಗುವ ಅಳತೆ.

ಆಫ್ರಿಕನ್ ಹಂದಿಜ್ವರದಲ್ಲಿ ಮಾತ್ರ ನಿಮ್ಮ ವಾದ ನನಗೂ ಗಟ್ಟಿ ಅನಿಸುತ್ತದೆ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಲಿಟ್ಟ ಆ ರೋಗಕ್ಕೂ 1 ಕಿ.ಮೀ. ವೃತ್ತವನ್ನೇ ಹಾಕುತ್ತೇವೆ. ಆದರೆ ಅದು ಹರಡುವುದು ನೇರ ಸಂಪರ್ಕ, ಹಸಿ ಮಾಂಸದ ತುಣುಕು ಸೇರಿದ ಮುಸುರೆ, ಕೊಳೆಯಾದ ಬೂಟು, ವಾಹನದಿಂದ. ಗಾಳಿಯಲ್ಲಿ ದೂರ ಹೋಗುವಂಥದಲ್ಲ. ಕಟ್ಟಿ ಸಾಕಿದ, ಮುಸುರೆ ನಿಲ್ಲಿಸಿದ, ಪರೀಕ್ಷೆಯಲ್ಲಿ ನೆಗೆಟಿವ್ ಬಂದ ಹಂದಿಯನ್ನು ಬರೀ ದೂರದ ಲೆಕ್ಕಕ್ಕೆ ಕೊಲ್ಲುವುದು ನನಗೂ ಸಮ್ಮತವಲ್ಲ.

ಅಮೆರಿಕದ ಹಸುಗಳನ್ನೂ ಗಮನಿಸಿ. 2024ರ ಮಾರ್ಚ್‌ನಿಂದ ಅಲ್ಲಿನ ಹೈನು ಹಸುಗಳಲ್ಲಿ ಇದೇ ಎಚ್5ಎನ್1 ಇದೆ. ಕೊಲ್ಲುವ ನಿಯಮ ಇಲ್ಲ. ಹಸು ಬಹುತೇಕ ಚೇತರಿಸಿಕೊಳ್ಳುತ್ತದೆ, ಹಾಲು ಪಾಶ್ಚರೀಕರಣಕ್ಕೆ ಹೋಗುತ್ತದೆ, ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವ ಮೊದಲು ಪರೀಕ್ಷೆ. ಒಂದೇ ವೈರಸ್, ಪ್ರಾಣಿ ಬೇರೆ, ತೀರ್ಮಾನ ಬೇರೆ.

---

ಕಡಲಾಚೆ_ಕನ್ನಡಿಗ

ಒಪ್ಪಿದೆ ಡಾಕ್ಟರೇ, ದಾಖಲೆ ಇಲ್ಲದ ಕಡೆ ದೂರವೇ ಅಳತೆ. ಆದರೆ ಹಿತ್ತಲ ಕೋಳಿಯನ್ನು ಕೊಲ್ಲಲು ಹೊರಟಾಗ ಅದು ಮಾಯವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ. 2008ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕೊಂದದ್ದು 40 ಲಕ್ಷ ಮೀರಿತ್ತು, ಹೆಚ್ಚಿನವು ಮನೆ ಕೋಳಿ, ಬಾತು. ಜನ ಮಂಚದ ಕೆಳಗೆ ಬಚ್ಚಿಟ್ಟರು, ರಾತ್ರೋರಾತ್ರಿ ನೆಂಟರ ಊರಿಗೆ ಸಾಗಿಸಿದರು. ವೃತ್ತ ದೊಡ್ಡದಾದಷ್ಟೂ ಬಚ್ಚಿಡುವವರು ಹೆಚ್ಚು, ಬಚ್ಚಿಟ್ಟ ಕೋಳಿ 10 ಕಿ.ಮೀ. ಆಚೆ ಹೋಗುತ್ತದೆ. ಹಾಗಾದಾಗ ವೃತ್ತ ತಾನೇ ರೋಗವನ್ನು ಹೊರಗೆ ಅಟ್ಟಿದಂತೆ. ಮನೆ ಬಾಗಿಲಲ್ಲೇ ಪರಿಹಾರ ಕೊಟ್ಟರೆ ಮಾತ್ರ ಇದು ನಿಲ್ಲುತ್ತದೆ.

---

ಲೇಯರ್_ಲೆಕ್ಕ

ಪರಿಹಾರದ ಮಾತು ಬಂತು, ಅದನ್ನೇ ಬಿಡಿಸುತ್ತೇನೆ. ಕೇಂದ್ರ ಅರ್ಧ, ರಾಜ್ಯ ಅರ್ಧ ಹಾಕುವ ಹಣ ಇದು. ಕೇರಳ 2021ರ ಆರಂಭದಲ್ಲಿ ಆಲಪ್ಪುಳ, ಕೋಟ್ಟಯಂನ ಬಾತುಗಳಿಗೆ ಎರಡು ತಿಂಗಳೊಳಗಿನದಕ್ಕೆ ₹100, ಮೇಲಿನದಕ್ಕೆ ₹200, ಮೊಟ್ಟೆಗೆ ₹5 ಕೊಟ್ಟಿತು. ಸಾಮಾನ್ಯ ನಿಯಮದಲ್ಲಿ ಹಣ ಬರುವುದು ಇಲಾಖೆ ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆಗೆ, ಮೇವಿಗೆ. ಅದಕ್ಕೂ ಮೊದಲೇ ರೋಗದಿಂದ ಸತ್ತದ್ದಕ್ಕೆ ಇಲ್ಲ. ತಡಮಾಡಿದಷ್ಟೂ ರೈತನಿಗೇ ನಷ್ಟ, ಬೇಗ ಹೇಳಿದವನಿಗೆ ಲಾಭ ಎಂಬ ಲೆಕ್ಕ. ಆದರೆ ಖಾಲಿ ಶೆಡ್‌ನ ಕಾಲಕ್ಕೆ ಏನೂ ಇಲ್ಲ. ಕೊಂದ ಮೇಲೆ ಶುಚಿ, ಪರೀಕ್ಷೆಗಳು, ಕಾಯುವಿಕೆ, ಆಮೇಲೆ ಮರಿ ತಂದರೆ ಅದು ಮೊಟ್ಟೆ ಇಡಲು 18ರಿಂದ 20 ವಾರ. ಅಷ್ಟೂ ದಿನ ಮರಿಗಳಿಗೆ ಮೇವು ಹಾಕುತ್ತಲೇ ಇರಬೇಕು, ಆದಾಯ ಸೊನ್ನೆ. ಕೊಲ್ಲುವುದು ಸಮಾಜದ ಒಳಿತಿಗೆ ಎಂದಾದರೆ ಈ ಖಾಲಿ ತಿಂಗಳುಗಳ ಹೊರೆಯನ್ನೂ ಸಮಾಜ ಹೊರಬೇಕು. ನನ್ನ ಮಟ್ಟಿಗೆ ಸಾಮೂಹಿಕವಾಗಿ ಕೊಲ್ಲುವುದು ಸಮರ್ಥನೀಯವೋ ಅಲ್ಲವೋ ಎಂಬುದು ಅರ್ಧ ಇಲ್ಲೇ ತೀರ್ಮಾನವಾಗುತ್ತದೆ.

ಶುಚಿ ಮಾಡುವಾಗ ಆಗುವ ತಪ್ಪುಗಳು: ಹಿಕ್ಕೆ ಇದ್ದಂತೆಯೇ 2% ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸುತ್ತಾರೆ. ಹಿಕ್ಕೆ, ಗರಿ, ಮೇವಿನ ಪುಡಿ ಕ್ಲೋರಿನ್ ಶಕ್ತಿಯನ್ನು ತಿಂದುಹಾಕುತ್ತದೆ. ಮೊದಲು ಒದ್ದೆ ಮಾಡಿ ಕೆರೆದು ತೆಗೆಯಿರಿ, ಸೋಪಿನ ನೀರಿನಿಂದ ತೊಳೆಯಿರಿ, ಆಮೇಲೆ ಔಷಧಿ. ಒಣಗಿದ್ದಂತೆಯೇ ಗುಡಿಸಿದರೆ ದೂಳೆದ್ದು ನಿಮ್ಮ ಮೂಗಿಗೇ ಬರುತ್ತದೆ. ಫಾರ್ಮಲಿನ್, ಪೊಟ್ಯಾಸಿಯಂ ಪರ್ಮಾಂಗನೇಟ್ ಹೊಗೆ ಮುಚ್ಚಿದ ಮೊಟ್ಟೆ ಕೋಣೆಗೆ, ಮೇವಿನ ಗೋದಾಮಿಗೆ ಮಾತ್ರ. ಜಾಲರಿ ಶೆಡ್‌ನಲ್ಲಿ ಹೊಗೆ ನಿಲ್ಲುವುದಿಲ್ಲ. ಪಂಜರದ ಕೆಳಗಿನ ಗೊಬ್ಬರವನ್ನು ಮಾರಬೇಡಿ, ಹೊಲಕ್ಕೂ ಚೆಲ್ಲಬೇಡಿ.

---

ಹಿತ್ತಲಕೋಳಿ

ಕೊನೆಯದಾಗಿ ಒಂದು. ಕೋಳಿ ಸಾಯಲು ಶುರುವಾದ ಮೊದಲ ದಿನ ಹಳ್ಳಿಯಲ್ಲಿ ಏನು ಮಾಡಬೇಕು? ಪಂಚಾಯಿತಿಯಲ್ಲಿ ಓದಿ ಹೇಳುತ್ತೇನೆ.

---

ಪಶುವೈದ್ಯ_ಬಯಲುಸೀಮೆ

ಎರಡು ದಿನದೊಳಗೆ ಮಾಮೂಲಿಗಿಂತ ಹೆಚ್ಚು ಸಾವು, ಜುಟ್ಟು ಮತ್ತು ಗಲ್ಲದ ಜೋಲು ನೀಲಿಗಟ್ಟುವುದು, ಮುಖ ಊದುವುದು, ಕಾಲಿನ ಮೇಲೆ ರಕ್ತದ ಕಲೆ, ಮೊಟ್ಟೆ ಏಕಾಏಕಿ ಕುಸಿಯುವುದು ಕಂಡರೆ ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಕೊಕ್ಕರೆ ರೋಗವೂ ಹೀಗೇ ಕಾಣಬಹುದು, ಕಣ್ಣಳತೆಯಲ್ಲಿ ತೀರ್ಮಾನ ಬೇಡ. ಸತ್ತ ಕೋಳಿಯನ್ನು ಮನೆಯವರು ಕೊಯ್ದು ನೋಡಬಾರದು. ಬರಿಗೈಯಲ್ಲಿ ಮುಟ್ಟದೆ ಎರಡು ಪ್ಲಾಸ್ಟಿಕ್ ಚೀಲ ಹಾಕಿ ಕಟ್ಟಿಡಿ, ಇಲಾಖೆಯವರೇ ತೆಗೆದುಕೊಂಡು ಹೋಗುತ್ತಾರೆ. ಮಾದರಿ ಮಂಜುಗಡ್ಡೆಯಲ್ಲಿ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ, ಅಲ್ಲಿಂದ ಭೋಪಾಲಕ್ಕೆ ಹೋಗುತ್ತದೆ. ಖಚಿತಪಡಿಸುವುದು ಭೋಪಾಲದ ಪ್ರಯೋಗಾಲಯ.

ವರದಿ ಬರುವವರೆಗಿನ ಆ ದಿನಗಳೇ ನಿರ್ಣಾಯಕ. ಕೋಳಿ, ಮೊಟ್ಟೆ, ಖಾಲಿ ಟ್ರೇ, ಗೊಬ್ಬರ, ಮೇವಿನ ಲಾರಿ ಒಂದೂ ಊರು ಬಿಡಬಾರದು. ಉಳಿದ ಕೋಳಿಗಳನ್ನು ಕಡಿಮೆ ಬೆಲೆಗೆ ಕೊಳ್ಳಲು ಬರುವ ವ್ಯಾಪಾರಿಯನ್ನು ಒಳಗೆ ಬಿಡಬೇಡಿ. ರೋಗ ಊರಿಂದೂರಿಗೆ ಹೋಗುವ ದೊಡ್ಡ ದಾರಿ ಅವನ ಬುಟ್ಟಿ. ಹಿತ್ತಲ ಕೋಳಿಗಳನ್ನು ಅವತ್ತೇ ಕೂಡಿಹಾಕಿ. ಯಾರ ಮನೆಯಲ್ಲಿ ಎಷ್ಟು ಇವೆ ಎಂದು ಪಂಚಾಯಿತಿ ಸದಸ್ಯರ ಎದುರು ಪಟ್ಟಿ ಮಾಡಿ. ಕೂಡಿಹಾಕಿ, ಪಟ್ಟಿಯಲ್ಲಿದ್ದು, ಮಾದರಿ ನೆಗೆಟಿವ್ ಬಂದ ಕೋಳಿಗಳ ಪರವಾಗಿ ಅಧಿಕಾರಿಗಳ ಮುಂದೆ ವಾದ ಮಾಡಲು ಕೈಯಲ್ಲಿ ಏನಾದರೂ ಇರುತ್ತದೆ. ತೀರ್ಮಾನ ಕೊಲ್ಲುವುದೇ ಆದರೂ ಪರಿಹಾರಕ್ಕೆ ಅದೇ ಪಟ್ಟಿ ಆಧಾರ.

ಕೋಳಿ ಮುಟ್ಟಿದವರೆಲ್ಲರ ಹೆಸರನ್ನೂ ಆರೋಗ್ಯ ಕಾರ್ಯಕರ್ತೆಯರಿಗೆ ಕೊಡಿ. ಹತ್ತು ದಿನದೊಳಗೆ ಜ್ವರ, ಕೆಮ್ಮು, ಕಣ್ಣು ಕೆಂಪಾಗುವುದು ಕಂಡರೆ ಕೋಳಿಯ ವಿಷಯ ಹೇಳಿಯೇ ವೈದ್ಯರಿಗೆ ತೋರಿಸಬೇಕು. ಕೊಲ್ಲುವ ತಂಡದವರಿಗೆ ಒಸೆಲ್ಟಾಮಿವಿರ್ ಎಂಬ ವೈರಸ್ ನಿರೋಧಕ ಮಾತ್ರೆಯನ್ನು ಆರೋಗ್ಯ ಇಲಾಖೆಯೇ ಕೊಡುತ್ತದೆ. ಊರಿನ ಕೂಲಿಯವರನ್ನು ಗುಂಡಿ ಕೆಲಸಕ್ಕೆ ಕರೆದರೆ ಅವರಿಗೂ ಮಾತ್ರೆ, ಎನ್95 ಮುಖಗವಸು, ಕನ್ನಡಕ ಕೊಡಿಸಿ. ಅವು ಕೈಗೆ ಬರುವವರೆಗೆ ಅವರನ್ನು ಶೆಡ್‌ನೊಳಗೆ ಕಳಿಸಬೇಡಿ.